ಡ್ರಿಪ್ ಪೈಪಿನ ಲೋಳೆ: ಪ್ರೆಶರ್ ಕೊಟ್ಟರೆ ಕಿತ್ತು ಬರುತ್ತದಾ?

ಕೊಡಗಿನಲ್ಲಿ ತೋಡಿನ ನೀರನ್ನೋ ಕೆರೆ ನೀರನ್ನೋ ಕಾಫಿ, ಮೆಣಸಿನ ಡ್ರಿಪ್‌ಗೆ ಬಿಟ್ಟರೆ ಪೈಪಿನೊಳಗೆ ಲೋಳೆ ಕಟ್ಟುತ್ತದೆ. ಕಬ್ಬಿಣಾಂಶ ಇದ್ದರೆ ಕೆಂಚು ಲೋಳೆ. ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಪಾಲಿಸ್ಯಾಕರೈಡ್, ಪ್ರೋಟೀನ್, ಡಿಎನ್‌ಎಗಳ ಬಲೆಯಲ್ಲಿ ಕಟ್ಟಿಕೊಂಡ ಬಯೋಫಿಲ್ಮ್ ಇದು. ಮೋಟಾರ್ ಜೋರಾಗಿ ಬಿಟ್ಟರೆ ಹೋಗುತ್ತದೆ ಎಂಬ ನಂಬಿಕೆಯನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ.

ಒಳವ್ಯಾಸ 14 ಮಿ.ಮೀ. ಇರುವ, ಗಿಡದ ಸಾಲಿಗೆ ನೀರೊಯ್ಯುವ ಸಣ್ಣ ಪೈಪಾದ ಲ್ಯಾಟರಲ್‌ನಲ್ಲಿ ನೀರು ಸೆಕೆಂಡಿಗೆ 0.5 ಮೀಟರ್ ಓಡಿದರೆ ಗೋಡೆಯ ಮೇಲಿನ ಉಜ್ಜುಬಲ ಸುಮಾರು 1 ಪಾಸ್ಕಲ್ (ಚದರ ಮೀಟರಿಗೆ 1 ನ್ಯೂಟನ್ ಬಲ). 1 ಮೀಟರ್ ಓಡಿದರೆ 3.6. ವೇಗ ಅಳೆಯಲು ಮೀಟರ್ ಬೇಡ. ತುದಿ ಬಿಚ್ಚಿ 10 ಲೀಟರ್ ಬಕೆಟ್ ಹಿಡಿಯಿರಿ: ಮೊದಲ ವೇಗಕ್ಕೆ ತುಂಬಲು 130 ಸೆಕೆಂಡ್, ಎರಡನೆಯದಕ್ಕೆ 65.

ಲೋಳೆ ಪೂರ್ತಿ ಘನವೂ ಅಲ್ಲ, ದ್ರವವೂ ಅಲ್ಲ. ಅತಿ ಸರಳ ಮಾದರಿ ಮ್ಯಾಕ್ಸ್‌ವೆಲ್‌ನದು: ಒಂದು ಸ್ಪ್ರಿಂಗ್, ಅದರ ಹಿಂದೆಯೇ ಒಂದು ಡ್ಯಾಶ್‌ಪಾಟ್, ಅಂದರೆ ಮಂದ ಎಣ್ಣೆಯೊಳಗೆ ನಿಧಾನ ಸರಿಯುವ ಪಿಸ್ಟನ್. ಸ್ಪ್ರಿಂಗಿನ ಬಿಗಿ, ಅಂದರೆ ಮಾಡ್ಯುಲಸ್, ಒಂದು ಲೋಳೆಯಿಂದ ಇನ್ನೊಂದಕ್ಕೆ ಸಾವಿರಾರು ಪಟ್ಟು ಬದಲಾಗುತ್ತದೆ. ಆದರೆ ಸಡಿಲಗೊಳ್ಳುವ ಸಮಯ, ಅಂದರೆ ಎಳೆದು ಹಿಡಿದಾಗ ಒಳಗಿನ ಸೆಳೆತ ಇಳಿಯಲು ಬೇಕಾದ ಹೊತ್ತು, ಬಹುತೇಕ ಬಯೋಫಿಲ್ಮ್‌ಗಳಲ್ಲಿ 18 ನಿಮಿಷದ ಆಸುಪಾಸು ಎಂದು 2004ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಬಿಗಿ 100 ಪಾಸ್ಕಲ್ ಎಂದಿಟ್ಟುಕೊಂಡರೆ ಸ್ನಿಗ್ಧತೆ (ಬಿಗಿ × ಸಡಿಲಗೊಳ್ಳುವ ಸಮಯ) ನೀರಿನದಕ್ಕಿಂತ ಸುಮಾರು ಹತ್ತು ಕೋಟಿ ಪಟ್ಟು! ಈಗ 3.6 ಪಾಸ್ಕಲ್‌ನಲ್ಲಿ ಎರಡು ನಿಮಿಷ ತೊಳೆದರೆ ಲೋಳೆ ತನ್ನ ದಪ್ಪದ ಶೇ. 4ರಷ್ಟು ವಾಲುತ್ತದೆ, ನೀರು ನಿಂತ ಮೇಲೆ ಬಹುಪಾಲು ವಾಪಸ್. ಕಿತ್ತು ಬರಲು ಸಾಮಾನ್ಯವಾಗಿ ಹತ್ತಾರು ಶೇಕಡಾ ಬೇಕು. ಬಿಗಿ 5 ಪಾಸ್ಕಲ್ ಇರುವ ಎಳೆ ಲೋಳೆಯಾದರೆ ಅದೇ ನೀರು ಸಾಕು.

ಮಾದರಿಯ ದೌರ್ಬಲ್ಯ, ಅದು ಲೋಳೆಯನ್ನು ಸಮತಟ್ಟು ಪದರ ಅಂದುಕೊಳ್ಳುವುದು. ನಿಜವಾದ ಲೋಳೆಗೆ ಬಾಲಗಳಿರುತ್ತವೆ, ಅಲ್ಲಿ ಎಳೆತ ಹೆಚ್ಚು, ತುಂಡಾಗುವುದೂ ಅಲ್ಲೇ. ಆ ತುಂಡುಗಳೇ ನೀರು ತೊಟ್ಟಿಕ್ಕಿಸುವ ಮುಂದಿನ ಎಮಿಟರ್‌ಗೆ ಸಿಕ್ಕಿಹಾಕಿಕೊಳ್ಳುವುದು. ಹಾಗಾಗಿ ತೊಳೆಯುವಾಗ ತುದಿ ತೆರೆದೇ ಇರಬೇಕು.

ಬಿಗಿಯನ್ನು ಲ್ಯಾಬಿನಲ್ಲಿ, ಎರಡು ತಟ್ಟೆಗಳ ನಡುವೆ ಲೋಳೆಯಿಟ್ಟು ತಿರುಚುವ ರಿಯೋಮೀಟರ್‌ನಿಂದ ಅಳೆಯುತ್ತಾರೆ: ಸೆಕೆಂಡಿಗೆ ಒಮ್ಮೆ (1 ಹರ್ಟ್ಸ್), ತಿರುಚುವಿಕೆಯನ್ನು ಶೇ. 0.1ರಿಂದ 100ಕ್ಕೆ ಏರಿಸುತ್ತಾ. ಅಂಕಿ ಕೆಡುವುದು ಮೂರು ಕಡೆ. ನುಣುಪು ತಟ್ಟೆಯ ಮೇಲೆ ಲೋಳೆ ಜಾರಿದರೆ ಸುಳ್ಳು ಮೆದುತನ ಕಾಣುತ್ತದೆ, ಮರಳುಕಾಗದ ಅಂಟಿಸಬೇಕು. ಅಂಚು ಒಣಗಿದರೆ ಸುಳ್ಳು ಬಿಗಿ, ತೇವದ ಮುಚ್ಚಳ ಬೇಕು. ಪೈಪಿನಿಂದ ಕೆರೆದು ತಂದರಂತೂ ಬಲೆಯೇ ಹರಿದಿರುತ್ತದೆ. ತಟ್ಟೆಯ ಮೇಲೇ ಬೆಳೆಸುವುದು ಮೇಲು.

ಜೋರು ಹರಿವಿನಲ್ಲಿ ಬೆಳೆದ ಲೋಳೆ ಇನ್ನೂ ಬಿಗಿ. ಹಳೆಯದಕ್ಕೆ ಮೊದಲು ಕ್ಲೋರಿನ್ ಕೊಟ್ಟು ಬಲೆ ಸಡಿಲಿಸಿ, ಆಮೇಲೆ ತೊಳೆಯುವುದೇ ದಾರಿ. ಕಬ್ಬಿಣದ ನೀರಿಗೆ ಕ್ಲೋರಿನ್ ಬಿದ್ದರೆ ತುಕ್ಕಿನ ಗಸಿ ಇಳಿಯುತ್ತದೆ, ಫಿಲ್ಟರ್‌ಗಿಂತ ಮುಂಚೆಯೇ ಹಾಕಿ. ಆ್ಯಸಿಡ್ ಜೊತೆ ಮಾತ್ರ ಬೆರೆಸಬೇಡಿ, ವಿಷಾನಿಲ ಏಳುತ್ತದೆ.