ಸೋಮವಾರ ನೀರು ಒಳಗೆ ಹೋಗಲಿಲ್ಲ

ಕಲಬುರಗಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ನನ್ನ ಕೆಲಸ. ಕೂದಲೆಳೆಯಷ್ಟು ಸಣ್ಣ ಕಾಲುವೆಗಳಿರುವ ಚಿಪ್ ಮಾಡುತ್ತೇವೆ. ನೀರಿನೊಳಗೆ ಎಣ್ಣೆಯ ಹನಿಗಳನ್ನು ಒಂದೇ ಅಳತೆಯಲ್ಲಿ ಬಿಡುವ ಚಿಪ್ಪುಗಳು.

ಚಿಪ್ಪಿನ ವಸ್ತು ಪಿಡಿಎಂಎಸ್, ಗಾಜಿನಂತೆ ಕಾಣುವ ರಬ್ಬರ್. ಅದಕ್ಕೆ ನೀರು ಕಂಡರಾಗದು. ಹನಿ ಬಿಟ್ಟರೆ ಮುತ್ತಿನ ಹಾಗೆ ನಿಲ್ಲುತ್ತದೆ, ಹನಿಯ ಅಂಚು ರಬ್ಬರಿಗೆ ತಾಗುವ ಕೋನ ಅಳೆದರೆ ಸುಮಾರು 110 ಡಿಗ್ರಿ. ಆಕ್ಸಿಜನ್ ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುತ್ತಿನಿಂದ ಹೊಳೆಯುವ ಆಕ್ಸಿಜನ್ ಅನಿಲದಲ್ಲಿ, ಒಂದು ನಿಮಿಷ ಇಟ್ಟರೆ ಮೇಲ್ಪದರದಲ್ಲಿ ನೀರನ್ನು ದೂಡುವ ಮೀಥೈಲ್ ಗುಂಪುಗಳು ಹೋಗಿ ನೀರನ್ನು ಸೆಳೆಯುವ ಸಿಲನಾಲ್ ಗುಂಪುಗಳು ಬರುತ್ತವೆ. ಆಮೇಲೆ ನೀರು, ಹಂಚಿನ ಮೇಲಿನ ಜೋಳದ ರೊಟ್ಟಿಗೆ ಸವರಿದ ಹಾಗೆ ಹರಡಿಕೊಳ್ಳುತ್ತದೆ.

ಮೇ ತಿಂಗಳು. ಶುಕ್ರವಾರ ಆರು ಚಿಪ್ ಮಾಡಿ, ಒಣಗಿದ ಡಬ್ಬಿಯಲ್ಲಿ ಕಿಟಕಿ ಪಕ್ಕ ಇಟ್ಟು ಮನೆಗೆ ಹೋದೆ. ಸೋಮವಾರ ಬೆಳಿಗ್ಗೆ ವಿದ್ಯಾರ್ಥಿನಿ ಪಂಪ್ ಹಚ್ಚಿ ಕರೆದಳು: "ಮೇಡಂ, ನೀರು ಒಳಗ ಹೊಂಟಿಲ್ರಿ." ಎಣ್ಣೆ ಮಾತ್ರ ಗೋಡೆಗೆ ಅಂಟಿಕೊಂಡು ಹರಿಯುತ್ತಿತ್ತು, ನೀರು ತುಂಡು ತುಂಡಾಗಿ ನಿಲ್ಲುತ್ತಿತ್ತು. ನಾನು ಸುಮ್ನೆ ಎರಡು ದಿನ ಪ್ಲಾಸ್ಮಾ ಯಂತ್ರವನ್ನು ಬೈದೆ. ತಪ್ಪು ಕಿಟಕಿಯದು, ಅಂದರೆ ನನ್ನದೇ. ಪಿಡಿಎಂಎಸ್ ಒಳಗಿನ ಚಿಕ್ಕ ಸಿಲೋಕ್ಸೇನ್ ಸರಪಳಿಗಳು, ಅಂದರೆ ಅದೇ ರಬ್ಬರಿನ ಬಿಡಿ ಅಣುಗಳು, ನಿಧಾನಕ್ಕೆ ಮೇಲೆ ಬಂದು ಹೊಸ ಪದರವನ್ನು ಮುಚ್ಚಿಬಿಡುತ್ತವೆ. ಬಿಸಿ ಜಾಸ್ತಿಯಾದಷ್ಟೂ ಬೇಗ. ನಮ್ಮೂರಿನ ಬಿಸಿಲು ಗೊತ್ತಲ್ವಾ?

ಇನ್ನೊಂದು ತಲೆನೋವೂ ಇತ್ತು. ಕಾಲುವೆ ಪೂರ್ತಿ ನೀರಿಗೆ ಒಗ್ಗಿದರೂ ಆಗದು, ಎಣ್ಣೆ ಬರುವ ತುದಿ ಹಳೇ ಗುಣದಲ್ಲೇ ಇರಬೇಕು. ಆದರೆ ಗಾಜಿಗೆ ಅಂಟಿಸಲು ಹೇಗೂ ಪ್ಲಾಸ್ಮಾ ಬೇಕು, ಅದು ಎಲ್ಲವನ್ನೂ ಬದಲಿಸುತ್ತದೆ. ಬೀದರಿನ ಬಿದ್ರಿ ಕೆಲಸದವರಿಗೆ ಈ ಗೋಳಿಲ್ಲ. ಕೋಟೆ ಮಣ್ಣು ಸತುವನ್ನಷ್ಟೇ ಕಪ್ಪು ಮಾಡುತ್ತದೆ, ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತದೆ. ನಮಗೆ ಜಾಗ ಆರಿಸಿಕೊಡುವುದು ಟೇಪ್ ಒಂದೇ.

ಕಡೆಗೆ ಕೆಡಿಸಿದ ಬಿಸಿಯನ್ನೇ ಬಳಸಿದೆವು. ಅಂಟಿಸಿದ ಚಿಪ್ಪನ್ನು 80 ಡಿಗ್ರಿ ಒವೆನ್‌ನಲ್ಲಿ ಎರಡು ದಿನ ಇಟ್ಟರೆ ಕಾಲುವೆಯೆಲ್ಲ ಮತ್ತೆ ನೀರನ್ನು ದೂಡತೊಡಗುತ್ತದೆ. ಆಮೇಲೆ ಎಣ್ಣೆಯ ತೂತಿಗೆ ಟೇಪ್ ಹಚ್ಚಿ, ಉಳಿದವನ್ನು ತೆರೆದಿಟ್ಟು ಮತ್ತೊಮ್ಮೆ ಪ್ಲಾಸ್ಮಾ. ತೆರೆದ ತೂತಿನ ಹತ್ತಿರ ಬದಲಾವಣೆ ಜೋರು, ಮುಚ್ಚಿದ ತುದಿಯತ್ತ ಕಡಿಮೆ. ಎಷ್ಟು ಸೆಕೆಂಡ್ ಅನ್ನೋದನ್ನು ಪ್ರತಿ ವಿನ್ಯಾಸಕ್ಕೂ ಬಣ್ಣದ ನೀರು ಬಿಟ್ಟೇ ನೋಡಬೇಕು. ನಾಲ್ಕು ಚಿಪ್ ಹಾಳಾದ ಮೇಲೆ ಸರಿಹೋಯಿತು.

ಪ್ಲಾಸ್ಮಾದಿಂದ ಹೊರಗೆ ತೆಗೆದ ಕೂಡಲೇ, ಹಳೇ ಗುಣ ಮರಳದಿರಲೆಂದು, ಕಾಲುವೆಗೆ ನೀರು ತುಂಬಿ, ಚಿಪ್ಪನ್ನೂ ನೀರಿನ ಡಬ್ಬಿಯಲ್ಲಿ ಮುಳುಗಿಸುತ್ತೇವೆ. ಹೋದ ವಾರ ಕಸ ಗುಡಿಸುವ ಅಕ್ಕ ಆ ನೀರನ್ನು ಚೆಲ್ಲಿಬಿಟ್ಟಿದ್ದರು. ಈಗ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದೇವೆ: ಹೊಲಸು ನೀರಲ್ಲ, ಚೆಲ್ಲಬ್ಯಾಡ್ರಿ.