ತಲೆಬರಹದ ಅಕ್ಷರ

ತಂಗಿಯ ಮದುವೆಯ ಕರೆಯೋಲೆಯನ್ನು ನಾನೇ ಸಿದ್ಧಪಡಿಸುತ್ತೇನೆಂದು ಒಪ್ಪಿಕೊಂಡ ದಿನವೇ ಇಂಗ್ಲಿಷ್ ಬದಿಗೆ ಅಬ್ರಿಲ್ ಫ್ಯಾಟ್‌ಫೇಸ್ ಫಾಂಟು ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. 19ನೆಯ ಶತಮಾನದ ಬ್ರಿಟನ್ ಮತ್ತು ಫ್ರಾನ್ಸಿನ ಜಾಹೀರಾತು ಭಿತ್ತಿಪತ್ರಗಳ ದಪ್ಪಕ್ಷರಗಳನ್ನು ಆಧರಿಸಿದ, ಗೆರೆಗಳ ತುದಿಗೆ ಪುಟ್ಟ ಪಾದಗಳಿರುವ ಈ ಸೆರಿಫ್ ಅಕ್ಷರದ ಮೇಲೆ ನನಗೆ ಮೊದಲಿನಿಂದಲೂ ಮೋಹ. ಇಟಲಿಯ ಪಾರ್ಮಾದ ಮುದ್ರಕ ಬೊಡೋನಿ (1740–1813) ಪುಸ್ತಕದ ಪುಟಕ್ಕೆಂದು ಹದವಾಗಿ ರೂಪಿಸಿದ ದಪ್ಪ-ಸಣ್ಣ ಗೆರೆಗಳ ಅಂತರವನ್ನು ಲಂಡನ್ನಿನ ರಾಬರ್ಟ್ ಥಾರ್ನ್ ಮೊದಲಾದ ಅಚ್ಚುಮೊಳೆ ಎರಕದವರು ಬೀದಿಯ ಗೋಡೆಗೆ ತಕ್ಕಂತೆ ಹಿಗ್ಗಿಸಿದರು; ಕಂಬದಂಥ ಗೆರೆಯ ಪಕ್ಕದಲ್ಲೇ ಕೂದಲೆಳೆಯಂಥ ಗೆರೆ ನಿಲ್ಲುವ ಆ ಠೀವಿಯೇ ಬೇರೆ.

ಬೆಂಗಳೂರಿನ ಸುಲ್ತಾನ್‌ಪೇಟೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ಮೊದಲ ಹಾಳೆ ಹೊರಬಂದಾಗ ವಧೂವರರ ಹೆಸರುಗಳು 48 ಪಾಯಿಂಟಿನ ದೊಡ್ಡ ಗಾತ್ರದಲ್ಲಿ ನಾನು ಬಯಸಿದಂತೆಯೇ ಮೆರೆಯುತ್ತಿದ್ದವು. ಆದರೆ ಕೆಳಗೆ, ಕುಂಕುಮಗೆಂಪಿನ ಮೇಲೆ ಬಿಳಿಯಾಗಿ ಬರಬೇಕಿದ್ದ 9 ಪಾಯಿಂಟಿನ ವಿಳಾಸ ಓದಲು ಬರುವಂತಿರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು, ಹಿಂದೆ ಮೊಳೆ ಜೋಡಿಸುತ್ತಿದ್ದವರು, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟರು. ಒಂದರ ಮೇಲೊಂದು ಅಚ್ಚಾದ ನಾಲ್ಕು ಬಣ್ಣ ಸೇರಿ ಆದ ಕೆಂಪಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಸರಿದಿದ್ದರೂ ಸಾಕಾಗಿತ್ತು, ಸಣ್ಣ ಗೆರೆಗಳನ್ನೆಲ್ಲ ಶಾಯಿ ನುಂಗಿಬಿಟ್ಟಿತ್ತು. ದೊಡ್ಡ 'ಎನ್' ಅಕ್ಷರದಲ್ಲಿ ನಿಂತ ಗೆರೆಗಳೆರಡೂ ತೆಳು, ಓರೆಗೆರೆಯೊಂದೇ ದಪ್ಪ. ಹಾಗಾಗಿ ಅಲ್ಲಿ ಉಳಿದದ್ದು ಒಂದು ಓರೆ ತುಂಡು ಮಾತ್ರ. ಸಣ್ಣ 'ಇ' ತನ್ನ ಅಡ್ಡಗೆರೆ ಕಳೆದುಕೊಂಡು 'ಸಿ' ಆಗಿತ್ತು.

"ಇದು ತಲೆಬರಹಕ್ಕೆ ಹುಟ್ಟಿದ ಅಕ್ಷರ ಕಣಮ್ಮಾ, ಒಕ್ಕಣೆಗಲ್ಲ," ಎಂದರು ಅವರು.

ಕನ್ನಡದ ಬದಿಯಲ್ಲಿ ನಾನು ಮಾಡಿದ್ದ ತಪ್ಪು ಇನ್ನೂ ದೊಡ್ಡದು. ಎರಡೂ ಬದಿ ಹೊಂದಿಕೊಳ್ಳಲೆಂದು ತಂಗಿಯ ಹೆಸರಿನ 'ರ' ಮತ್ತು 'ಮ'ಗಳ ಬುಡಕ್ಕೆ ನಾನೇ ಚಪ್ಪಟೆ ಸೆರಿಫ್ ಪಾದಗಳನ್ನು ಅಂಟಿಸಿದ್ದೆ. ಅವರು ಏನೂ ಹೇಳದೆ ಉಗುರಿನ ತುದಿಯನ್ನು ಆ ಪಾದದ ಮೇಲಿಟ್ಟರು. ನನಗೂ ಆಗ ಕಂಡಿತು: ತಾಳೆಗರಿಯ ಮೇಲೆ ಕಂಟದಿಂದ ಕೊರೆಯುತ್ತ ಬಂದ ನಮ್ಮ ದುಂಡು ಲಿಪಿಗೆ ನಿಲ್ಲಲು ಪಾದ ಬೇಕಿಲ್ಲ, ಅದರ ಅಲಂಕಾರಕ್ಕೆ ತಲೆಕಟ್ಟಿನಲ್ಲಿ, ಒತ್ತಕ್ಷರದ ಬಾಲದಲ್ಲಿ, ಕೊಂಬಿನ ಬಾಗಿನಲ್ಲಿ ಬೇಕಾದಷ್ಟು ಜಾಗವಿದೆ. ಚೆಲುವಾದುದನ್ನು ಮತ್ತೊಂದು ಲಿಪಿಯಿಂದ ಕಿತ್ತು ತಂದು ನೆಡುವ ಆತುರದಲ್ಲಿ ನಾನು ನನ್ನ ಲಿಪಿಯ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ.

ಅಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಪಾದಗಳನ್ನು ತೆಗೆದೆ. ತಲೆಕಟ್ಟಿನ ಗೆರೆಯನ್ನು ದಪ್ಪ ಮಾಡಿ, ಅದರ ಬಲತುದಿ ಮೇಲಕ್ಕೇಳುವಲ್ಲಿ ಮಾತ್ರ ಸಣ್ಣದಾಗಿ ಮುಗಿಸಿದೆ. ಫ್ಯಾಟ್‌ಫೇಸನ್ನು ಹೆಸರುಗಳಿಗಷ್ಟೇ ಉಳಿಸಿಕೊಂಡು, ವಿಳಾಸವನ್ನು ಗೆರೆಗಳಲ್ಲಿ ಅಷ್ಟು ಏರುಪೇರಿಲ್ಲದ ಸಾದಾ ಸೆರಿಫ್ ಅಕ್ಷರಕ್ಕೆ ಬದಲಿಸಿ, ಬಿಳಿಯ ಮೇಲೆ ಕಪ್ಪಾಗಿ ಬರುವಂತೆ ಇಟ್ಟೆ.

ಸಂಜೆ ಬಂದ ಎರಡನೆಯ ಹಾಳೆಯನ್ನು ಆ ಹಿರಿಯರು ತೋಳುದ್ದ ದೂರ ಹಿಡಿದು, ಕನ್ನಡಕವನ್ನೂ ಹಾಕಿಕೊಳ್ಳದೆ, ಕಲ್ಯಾಣಮಂಟಪದ ವಿಳಾಸವನ್ನು ಪಿನ್‌ಕೋಡಿನವರೆಗೆ ಗಟ್ಟಿಯಾಗಿ ಓದಿದರು. ನಾನು ಹಾಳೆಯ ಅಂಚಿನಲ್ಲಿ ಸಹಿ ಹಾಕಿದೆ.