ಎರಡು ಆರ್ಡರ್, ಒಂದೇ ವಿಳಾಸ

"ನಾ ನಕಲಿನ್ಯಾಗ ಬದಲ್ ಮಾಡೀನ್ರಿ, ಅಸಲಿಗೆ ಕೈ ಹಚ್ಚಿಲ್ಲ."

ಮಂಗಳವಾರ ಪುಣೆಯ ಹಿಂಜೆವಾಡಿಯ ಆಫೀಸಿನಲ್ಲಿ ಈ ಮಾತನ್ನು ಅವಳು ಮೊದಲು ಹಿಂದಿಯಲ್ಲಿ ಹೇಳಿದಳು. ಯಾರೂ ಕೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು. ವಿಜಯಪುರದ ಹುಡುಗಿ, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ನಾನು ಲ್ಯಾಪ್‌ಟಾಪ್ ನೋಡುತ್ತಾ ಕೂತೆ.

ಅವಳು ಬರೆದ ಕೋಡ್‌ನಲ್ಲಿ ಹೊಸ ಆರ್ಡರಿನ ವಿಳಾಸ ತಿದ್ದಿದರೆ ಹಳೇ ಆರ್ಡರಿನದೂ ಬದಲಾಗುತ್ತಿತ್ತು. ಟೆಸ್ಟಿಂಗ್‌ನಲ್ಲೇ ಸಿಕ್ಕಿತು, ಯಾರಿಗೂ ನಷ್ಟವಾಗಿಲ್ಲ. ಆದರೂ ನಮ್ಮ ಲೀಡ್ ಎಲ್ಲರೆದುರು ಬೈದರು. ಒಳ್ಳೆಯ ಕೆಲಸಗಾರರೇ, ಆದರೆ ಹೊಸಬರ ಮಾತು ಮುಗಿಯುವ ತನಕ ಕಾಯುವವರಲ್ಲ.

ಅವಳು ಸುಮ್ನೆ ಊಹೆ ಮಾಡಿರಲಿಲ್ಲ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಮೂರು ಚುಕ್ಕಿ (...) ಹಾಕಿ ಹಳೇ ಆರ್ಡರಿನ ಆಬ್ಜೆಕ್ಟನ್ನು, ಅಂದರೆ ಅದರ ವಿವರಗಳ ಕಟ್ಟನ್ನು, ಕಾಪಿ ಮಾಡಿದ್ದಳು. ಅಸಲು, ನಕಲು ಒಂದೇನಾ ಅಂತ ಮೂರು ಸಮ ಚಿಹ್ನೆ ಇಟ್ಟು ಕೇಳಿದ್ದಳು. 'ಫಾಲ್ಸ್' ಬಂತು. ಎರಡೂ ಬೇರೆ ಅಂದ ಮೇಲೆ ನಂಬಿದ್ದು ತಪ್ಪಾ?

ಉತ್ತರ ನಿಜವೇ, ಹೊರಗಿನ ಪದರಕ್ಕೆ ಮಾತ್ರ. ಜಾವಾಸ್ಕ್ರಿಪ್ಟ್‌ನಲ್ಲಿ ಹೆಸರು, ಮೊತ್ತ ಇಂಥವು ಕಾಪಿಯಾಗುತ್ತವೆ. ಒಳಗಿರುವ ವಿಳಾಸ ಇನ್ನೊಂದು ಆಬ್ಜೆಕ್ಟ್. ಅದು ಕಾಪಿಯಾಗುವುದಿಲ್ಲ, ಅದು ಎಲ್ಲಿದೆ ಅನ್ನುವ ಗುರುತಷ್ಟೇ ಕಾಪಿಯಾಗುತ್ತದೆ. ಎರಡು ಪತ್ರದಲ್ಲೂ 'ವಿಳಾಸಕ್ಕೆ ಗೇಟಿನ ಬೋರ್ಡ್ ನೋಡಿ' ಅಂತ ಬರೆದ ಹಾಗೆ. ಬೋರ್ಡ್ ಬದಲಾದರೆ ಎರಡು ಪತ್ರದ ವಿಳಾಸವೂ ಹೋಯಿತು. ಯಾರೂ ಬದಲಿಸದಂತೆ ಆಬ್ಜೆಕ್ಟನ್ನು ಫ್ರೀಜ್ ಮಾಡಿದರೂ ಇದೇ ಕತೆ, ಬೀಗ ಹೊರಬಾಗಿಲಿಗಷ್ಟೇ.

ಈ ಭಾಷೆಯನ್ನು ಬ್ರೆಂಡನ್ ಐಕ್ 1995ರಲ್ಲಿ 10 ದಿನದಲ್ಲಿ ಕಟ್ಟಿದರು, ಅದಕ್ಕೇ ಹೀಗೆ ಅನ್ನುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಆಬ್ಜೆಕ್ಟ್‌ಗಳಿಗೆ ಈ ಮೂರು ಚುಕ್ಕಿ ಬಂದಿದ್ದೇ 2018ರಲ್ಲಿ. ಪ್ರತಿ ಸಲ ತಳದವರೆಗೆ ಕಾಪಿ ಮಾಡಿದರೆ ದೊಡ್ಡ ಆಬ್ಜೆಕ್ಟ್‌ಗಳಲ್ಲಿ ಸಮಯವೂ ಮೆಮೊರಿಯೂ ಹೋಗುತ್ತದೆ. ಗೊತ್ತಿದ್ದೇ ಹೀಗೆ ಮಾಡಿದ್ದಾರೆ. ಗೊತ್ತಿಲ್ಲದವರಿಗೆ ಹೇಳಿಕೊಡಬೇಕಾದ ವಿಷಯ ಇದು, ಬೈಯುವುದಲ್ಲ. ಹೇಳಿಕೊಡಬೇಕಾದವರಲ್ಲಿ ನಾನೂ ಒಬ್ಬ. ಅವಳು ತಿರುಗಿ ನೋಡಿದ್ದು ಅದಕ್ಕೇ ಅಲ್ವಾ? ಮೂರು ದಿನದಿಂದ ಆ ನೋಟವೇ ಕಣ್ಣ ಮುಂದಿದೆ.

ನಿನ್ನೆ ಸಂಜೆ ಅವಳ ಪಕ್ಕ ಕುರ್ಚಿ ಎಳೆದುಕೊಂಡೆ. ಅವತ್ತು ಸುಮ್ಮನಿದ್ದದ್ದು ನನ್ನ ತಪ್ಪು ಅಂದೆ. ಅವಳು ಏನೂ ಅನ್ನಲಿಲ್ಲ. ಒಳಗಿನ ಎರಡು ವಿಳಾಸಗಳನ್ನು ಹೋಲಿಸಿ ನೋಡು ಅಂದೆ. 'ಟ್ರೂ' ಬಂತು. ಅವಳು ಸ್ಕ್ರೀನನ್ನೇ ನೋಡುತ್ತಿದ್ದಳು. 2022ರಿಂದ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಇರುವ, ತಳದವರೆಗೂ ಕಾಪಿ ಮಾಡುವ 'ಸ್ಟ್ರಕ್ಚರ್ಡ್‌ಕ್ಲೋನ್' ತೋರಿಸಿದೆ. ಅದರಿಂದ ಕಾಪಿ ಮಾಡಿ ಮತ್ತೆ ಹೋಲಿಸಿದಳು. 'ಫಾಲ್ಸ್'.

"ಹಂಗಾದ್ರ ಅವತ್ತು ನಾ ಕೇಳಿದ್ದು ಸರಿ ಇತ್ತು, ಇನ್ನೊಂದು ಪದರ ಒಳಗ ಕೇಳಬೇಕಿತ್ತು," ಅಂದಳು.